ಹದಿನೆಂಟನೇ ಹೆಸರು: ಒಂದು ಹಾಕಿ ತಂಡದ ಆಯ್ಕೆಯ ಪ್ರಕರಣ

ಇದು ಬೆಂಗಳೂರಿನ ಒಂದು ಸಂಸ್ಥೆ ತಂಡದಲ್ಲಿ ಲೀಗ್ ಶುರುವಾಗುವ ಮುಂಚೆ ನಡೆದ ಆಯ್ಕೆಯ ವಿಚಾರ. ಸಂಸ್ಥೆ ಯಾವುದು, ಆಟಗಾರರು ಯಾರು ಅಂತ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಊರು, ವಯಸ್ಸಿನಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರು ಯಾವ ತೀರ್ಮಾನ ತೆಗೆದುಕೊಂಡರು, ಯಾಕೆ ತೆಗೆದುಕೊಂಡರು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ಆ ಸೀಸನ್ನಿನಲ್ಲಿ ತಂಡದ ವಿಡಿಯೊ ಕೆಲಸ ನನ್ನದಾಗಿತ್ತು. ಆಯ್ಕೆ ಸಭೆಯಲ್ಲಿ ಒಂದು ಕುರ್ಚಿ ಸಿಗುತ್ತಿತ್ತು, ಆದರೆ ನನಗೆ ವೋಟು ಇರಲಿಲ್ಲ. ಜಿಲ್ಲಾ ತಂಡ, ಕಾಲೇಜು ತಂಡ, ಸಣ್ಣ ಕ್ಲಬ್ ನಡೆಸುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ತಂಡ ಹೇಗಿತ್ತು

ಸಂಸ್ಥೆ ತಂಡ ಅಂದರೆ ಗೊತ್ತಲ್ಲ, ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದವರು ಅಲ್ಲಿ ಆಡುತ್ತಾರೆ. ಅವರದ್ದು ಕಾಯಂ ನೌಕರಿ. ಕಾಲು ಗಟ್ಟಿ ಇರುವ ತನಕ ಆಡುತ್ತಾರೆ, ಆಮೇಲೆ ಆಫೀಸಿಗೆ ಹೋಗುತ್ತಾರೆ. ಅವರ ಕೆಳಗೆ ಸ್ಟೈಪೆಂಡ್ ಹುಡುಗರು. ತಿಂಗಳಿಗೆ ಇಷ್ಟು ಅಂತ ದುಡ್ಡು, ವರ್ಷಕ್ಕೊಮ್ಮೆ ಪತ್ರ ಹೊಸದಾಗಬೇಕು. ಎಲ್ಲರ ಕಣ್ಣೂ ಒಂದು ದಿನ ಸಿಗಬಹುದಾದ ಕಾಯಂ ಕೆಲಸದ ಮೇಲೆ. ಹೀಗಾಗಿ ಪಟ್ಟಿಯಲ್ಲಿ ಹೆಸರು ಬರುವುದು ಬರೀ ಆಟದ ವಿಚಾರ ಅಲ್ಲ. ಮನೆಯ ವಿಚಾರವೂ ಹೌದು.

ಶಿಬಿರಕ್ಕೆ ಬಂದವರು 26 ಜನ. ಪಟ್ಟಿಗೆ ಬೇಕಾದವರು 18. ಮೈದಾನದಲ್ಲಿ ಹನ್ನೊಂದು ಜನ ಆಡುತ್ತಾರೆ. ಉಳಿದವರು ಎಷ್ಟು ಸಲ ಬೇಕಾದರೂ ಒಳಗೆ ಹೋಗಿ ಹೊರಗೆ ಬರಬಹುದು. ಎರಡು ಗೋಲ್‌ಕೀಪರ್ ತೆಗೆದರೆ ಉಳಿಯುವುದು 16 ಜಾಗ. "ಎಲ್ಲರಿಗೂ ಅವಕಾಶ ಇದೆ" ಅಂತ ಮೊದಲ ದಿನ ಕೋಚ್ ಹೇಳಿದರು. ಎಲ್ಲಾ ಕೋಚ್‌ಗಳೂ ಹಾಗೇ ಹೇಳುತ್ತಾರೆ. ಅವರ ಡೈರಿಯಲ್ಲಿ ಹದಿನೇಳು ಹೆಸರು ಆಗಲೇ ಪೆನ್ಸಿಲ್‌ನಲ್ಲಿ ಇದ್ದವು. ನಿಜವಾದ ಸ್ಪರ್ಧೆ ಇದ್ದದ್ದು ಹದಿನೆಂಟನೇ ಹೆಸರಿಗೆ. ಅದಕ್ಕೆ ಒಂಬತ್ತು ಜನ ಇದ್ದರೂ ಮೊದಲ ವಾರ ಮುಗಿಯುವಷ್ಟರಲ್ಲಿ ಉಳಿದದ್ದು ಇಬ್ಬರೇ.

ಮೊದಲನೆಯವನು ಕೊಡಗಿನ ಕಡೆಯ 19 ವರ್ಷದ ಹುಡುಗ. ಕ್ರೀಡಾ ಹಾಸ್ಟೆಲ್‌ನಿಂದ ಬಂದವನು. ಬ್ಯಾಕ್, ಅಂದರೆ ರಕ್ಷಣೆಯ ಆಟಗಾರ. ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನ ಕಡೆಗೆ ಎಸೆಯುವ ಹೊಡೆತ, ಹೊಡೆಯುತ್ತಿದ್ದ. ಅವನನ್ನು ಇಲ್ಲಿ 'ಹಾಸ್ಟೆಲ್ ಹುಡುಗ' ಅಂತ ಕರೆಯುತ್ತೇನೆ. ಎರಡನೆಯವನು ಗದಗಿನ ಫಾರ್ವರ್ಡ್, ಅಂದರೆ ಮುಂದೆ ನಿಂತು ದಾಳಿ ಮಾಡುವವನು. ವಯಸ್ಸು 24. ಮೂರು ವರ್ಷದಿಂದ ಸ್ಟೈಪೆಂಡ್ ಮೇಲೇ ಇದ್ದ. ಗೋಲು ಕಡಿಮೆ, ಓಟ ಜಾಸ್ತಿ.

ಮೂರನೆಯ ಒಬ್ಬರ ಬಗ್ಗೆಯೂ ಹೇಳಬೇಕು. ತಂಡದ ಹಿರಿಯ ಬ್ಯಾಕ್, 34 ವರ್ಷ. ಎಷ್ಟೋ ವರ್ಷದಿಂದ ಶಾರ್ಟ್ ಕಾರ್ನರ್ (ಗೋಲಿನ ಹತ್ತಿರ ಎದುರಿನವರು ತಪ್ಪು ಮಾಡಿದಾಗ ಸಿಗುವ ಅವಕಾಶ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ) ಹೊಡೆಯುತ್ತಿದ್ದವರು ಅವರೇ. ಹುಡುಗರೆಲ್ಲ ಅವರನ್ನು 'ಅಣ್ಣ' ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅಣ್ಣನ ಹೆಸರು ಪೆನ್ಸಿಲ್ ಪಟ್ಟಿಯಲ್ಲಿ ಇತ್ತು. ಆದರೆ ಅವರ ನಂತರ ಯಾರು ಅನ್ನುವ ಪ್ರಶ್ನೆಗೆ ತಂಡದಲ್ಲಿ ಉತ್ತರ ಇರಲಿಲ್ಲ.

ಐದು ಗೋಲಿನ ತೊಂದರೆ

ಲೀಗ್‌ಗೆ ಮುಂಚೆ ಶಾಂತಿನಗರದ ಟರ್ಫ್‌ನಲ್ಲಿ ಅಭ್ಯಾಸ ಪಂದ್ಯಗಳು ನಡೆದವು. ಹಾಸ್ಟೆಲ್ ಹುಡುಗ ಐದು ಗೋಲು ಹೊಡೆದ. ಐದೂ ಶಾರ್ಟ್ ಕಾರ್ನರ್‌ನಿಂದ, ಅದರಲ್ಲಿ ಮೂರು ಗೋಲಿನ ಮೇಲಿನ ಮೂಲೆಗೆ. ಗದಗಿನವನದ್ದು ಒಂದೇ ಗೋಲು, ಅದೂ ಗೋಲ್‌ಕೀಪರ್ ಪ್ಯಾಡಿಗೆ ತಾಗಿ ವಾಪಸ್ ಬಂದ ಚೆಂಡನ್ನು ಒಳಗೆ ತಳ್ಳಿದ್ದು.

ಡ್ರ್ಯಾಗ್ ಫ್ಲಿಕ್ ಅಂದರೆ ಕರ್ನಾಟಕದಲ್ಲಿ ಸ್ವಲ್ಪ ಮೋಹ ಜಾಸ್ತಿ. ಭಾರತ ತಂಡಕ್ಕೆ ಡ್ರ್ಯಾಗ್ ಫ್ಲಿಕ್ ಹೊಡೆದ ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಅವರನ್ನು ನೋಡಿ ಬೆಳೆದ ಊರು ಇದು. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿದ್ದವು. ಅಂಥ ಜಿಲ್ಲೆಯಿಂದ ಎತ್ತರದ ಒಬ್ಬ ಬ್ಯಾಕ್ ಬಂದು ಐದು ಗೋಲು ಹೊಡೆದರೆ ಗ್ಯಾಲರಿಯಲ್ಲಿ ಕೂತವರು ಸುಮ್ನೆ ಇರುತ್ತಾರಾ? "ಸಿಕ್ಕಿದ ನೋಡ್ರಿ ಮುಂದಿನವನು" ಅಂತ ಮಾತು ಶುರುವಾಯಿತು. ಮ್ಯಾನೇಜರ್ ಕಿವಿಗೂ ಬಿತ್ತು. ಸಂಸ್ಥೆಯ ದೊಡ್ಡ ಅಧಿಕಾರಿಯೊಬ್ಬರು ಒಂದು ಪಂದ್ಯ ನೋಡಿ, ಹುಡುಗನ ಬೆನ್ನು ತಟ್ಟಿ ಹೋದರು. ಅಲ್ಲಿಗೆ ಹದಿನೆಂಟನೇ ಹೆಸರು ಮುಗಿದ ಮಾತು ಅಂತಲೇ ಎಲ್ಲರೂ ತಿಳಿದುಕೊಂಡರು. ಕೋಚ್ ಬರೆದ ಮೊದಲ ಪಟ್ಟಿಯಲ್ಲೂ ಅವನ ಹೆಸರೇ ಇತ್ತು.

ವಿಡಿಯೊ ನೋಡುವಾಗ ನನಗೆ ಬೇರೆ ಏನೋ ಕಂಡಿತು. ಅದು ಅರ್ಥವಾಗಬೇಕಾದರೆ ಶಾರ್ಟ್ ಕಾರ್ನರ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಗೊತ್ತಿದ್ದವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು.

ದಾಳಿ ಮಾಡುವ ತಂಡದ ಒಬ್ಬ ಗೋಲ್ ಲೈನಿನಿಂದ ಚೆಂಡನ್ನು ಹೊರಗೆ ತಳ್ಳುತ್ತಾನೆ. ಗೋಲಿನ ಮುಂದಿರುವ ಅರ್ಧ ವೃತ್ತದಂಥ ಜಾಗಕ್ಕೆ ಡಿ ಅನ್ನುತ್ತಾರೆ. ಡಿ ಹೊರಗೆ ಸ್ಟಾಪರ್ ಚೆಂಡನ್ನು ನಿಲ್ಲಿಸುತ್ತಾನೆ. ಫ್ಲಿಕ್ ಹೊಡೆಯುವವನು ಅದನ್ನು ಡಿ ಒಳಗೆ ಎಳೆದು ಎಸೆಯುತ್ತಾನೆ. ಎದುರು ತಂಡದಿಂದ ಗೋಲ್‌ಕೀಪರ್ ಸೇರಿ ಐದೇ ಜನ ರಕ್ಷಣೆಗೆ. ಚೆಂಡು ಹೊರಟ ಕೂಡಲೇ ಅವರಲ್ಲಿ ಒಬ್ಬ ಗೋಲ್ ಲೈನ್ ಬಿಟ್ಟು ಫ್ಲಿಕ್ ಹೊಡೆಯುವವನ ಕಡೆಗೇ ಓಡುತ್ತಾನೆ. ಅವನೇ ಫಸ್ಟ್ ರಷರ್. ಡಿ ಅಂಚು ಗೋಲಿನಿಂದ 14.63 ಮೀಟರ್ ದೂರ. ಅಷ್ಟು ದೂರ ಅವನು ಓಡುವುದು ತನ್ನ ಕಡೆಗೇ ಬರುವ ಚೆಂಡಿನ ಎದುರಿಗೆ. ಮುಖಕ್ಕೆ ಮಾಸ್ಕ್, ಮಂಡಿಗೆ ಗಾರ್ಡ್, ಕೈಗೆ ಗ್ಲೌಸ್ ಹಾಕಿಕೊಂಡೇ ಓಡಬೇಕು. ಐದು ಮೀಟರ್ ಒಳಗೆ ಬಂದಿರುವ ರಷರ್‌ನ ಮಂಡಿಗೋ ಅದಕ್ಕಿಂತ ಮೇಲೋ ಮೊದಲ ಹೊಡೆತ ತಾಗಿದರೆ ಅದು ಅಪಾಯದ ಹೊಡೆತ, ಫ್ರೀ ಹಿಟ್ ರಕ್ಷಣೆಯವರಿಗೆ. ಮಂಡಿಯ ಕೆಳಗೆ ತಾಗಿದರೆ ಇನ್ನೊಂದು ಶಾರ್ಟ್ ಕಾರ್ನರ್.

ಈ ಕೆಲಸ ಎಷ್ಟು ದೊಡ್ಡದು ಅನ್ನುವುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿತ್ತು. ಆಗ ಭಾರತದ ಮುಖ್ಯ ರಷರ್ ಅವರೇ. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಅವರಿಲ್ಲದೆ ಆಡಬೇಕಾಯಿತು. ಜರ್ಮನಿ 3–2ರಿಂದ ಗೆದ್ದಿತು, ಒಂದು ಗೋಲು ಶಾರ್ಟ್ ಕಾರ್ನರ್‌ನಿಂದ ಬಂತು. ಅವರಿದ್ದಿದ್ದರೆ ಏನಾಗುತ್ತಿತ್ತು ಅಂತ ಯಾರೂ ಹೇಳಲಾಗದು. ಆದರೆ ಪಂದ್ಯಕ್ಕೆ ಮುಂಚೆ ಹಾಕಿ ಗೊತ್ತಿದ್ದವರೆಲ್ಲ ಮಾತಾಡಿದ್ದು ಅದನ್ನೇ.

ನಮ್ಮ ವಿಡಿಯೊಗೆ ಬರುತ್ತೇನೆ. ಹುಡುಗನ ಐದು ಗೋಲುಗಳಲ್ಲೂ ಎದುರು ತಂಡದ ರಷರ್ ಎಲ್ಲಿದ್ದಾನೆ ಅಂತ ನೋಡಿದೆ. ಚೆಂಡು ಸ್ಟಿಕ್ ಬಿಟ್ಟಾಗ ಅವನು ಪೆನಾಲ್ಟಿ ಸ್ಪಾಟ್ ಹತ್ತಿರ ಇದ್ದ, ಅಂದರೆ ಗೋಲಿನಿಂದ ಆರೂವರೆ ಮೀಟರ್ ಆಸುಪಾಸು. ಒಂದು ಗೋಲಿನಲ್ಲಂತೂ ಅವನು ಎರಡು ಹೆಜ್ಜೆ ಇಟ್ಟು ನಿಂತೇಬಿಟ್ಟಿದ್ದ. ತಪ್ಪು ಅವನದ್ದಲ್ಲ. ಲೀಗ್‌ಗೆ ಇನ್ನೂ ಮೂರು ವಾರ ಇದೆ, ಅಭ್ಯಾಸ ಪಂದ್ಯ, ಮಾಸ್ಕ್ ಹಾಕಿಲ್ಲ. ಗಂಟೆಗೆ ನೂರು ಕಿಲೋಮೀಟರ್ ದಾಟಬಹುದಾದ ಚೆಂಡಿಗೆ ಮಂಡಿ ಕೊಡಲು ಯಾರು ಹೋಗುತ್ತಾರೆ?

ಇನ್ನೊಂದು ಲೆಕ್ಕವನ್ನೂ ನೋಡಿದೆ. ಸ್ಟಾಪರ್ ಚೆಂಡು ನಿಲ್ಲಿಸಿದ ಕ್ಷಣದಿಂದ ಅದು ಸ್ಟಿಕ್ ಬಿಡುವ ತನಕ ಎಷ್ಟು ಫ್ರೇಮ್ ಆಗುತ್ತದೆ ಅಂತ. ಅಣ್ಣನಿಗಿಂತ ಹುಡುಗನಿಗೆ ಎಂಟು ಫ್ರೇಮ್ ಜಾಸ್ತಿ ಬೇಕಿತ್ತು. ನಮ್ಮ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್. ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಜೋರಾಗಿ ಓಡುವವನು ಎರಡು ಮೀಟರ್ ಹತ್ತಿರ ಬಂದಿರುತ್ತಾನೆ. ಹುಡುಗ ಚೆಂಡನ್ನು ಹಿಂದಿನ ಕಾಲಿಗಿಂತಲೂ ಹಿಂದಿನಿಂದ ಎಳೆಯುತ್ತಿದ್ದ. ಅದಕ್ಕೇ ಅಷ್ಟು ವೇಗ ಬರುತ್ತಿತ್ತು, ಅದಕ್ಕೇ ಅಷ್ಟು ತಡವೂ ಆಗುತ್ತಿತ್ತು.

ಮಾಸ್ಕ್ ಹಾಕಿದ ಬೆಳಗ್ಗೆ

ಕೋಚ್ ಈ ವಿಡಿಯೊ ಎರಡು ಸಲ ನೋಡಿದರು. ವಾದ ಮಾಡಲಿಲ್ಲ. ಮರುದಿನ ಬೆಳಗ್ಗೆ ಟರ್ಫ್‌ಗೆ ನೀರು ಬಿಟ್ಟ ಕೂಡಲೇ ಶಾರ್ಟ್ ಕಾರ್ನರ್ ಅಭ್ಯಾಸ ಇಟ್ಟರು. ರಷರ್ ಆಗಿ ಇಬ್ಬರು ಸರದಿ ಮೇಲೆ ಓಡಬೇಕು, ಪೂರ್ತಿ ಗಾರ್ಡ್ ಹಾಕಿಕೊಂಡು, ಪೂರ್ತಿ ವೇಗದಲ್ಲಿ. ಒಬ್ಬ ಕಾಯಂ ಹಾಫ್, ಅಂದರೆ ಮೈದಾನದ ಮಧ್ಯದಲ್ಲಿ ಆಡುವವನು. ಇನ್ನೊಬ್ಬ ಗದಗಿನ ಫಾರ್ವರ್ಡ್. ಅವನನ್ನು ಆರಿಸಿದ್ದಕ್ಕೆ ದೊಡ್ಡ ಕಾರಣ ಏನೂ ಇರಲಿಲ್ಲ. ಆ ಮಾಸ್ಕ್ ಅವನ ಮುಖಕ್ಕೆ ಸರಿ ಹೊಂದುತ್ತಿತ್ತು, ಅಷ್ಟೇ.

ಹಾಫ್ ಓಡಿದಾಗ ಹಾಸ್ಟೆಲ್ ಹುಡುಗ ಹತ್ತರಲ್ಲಿ ಆರು ಗೋಲು ಹೊಡೆದ. ಗದಗಿನವನು ಓಡಿದಾಗ ಹತ್ತರಲ್ಲಿ ಎರಡು. ನಾಲ್ಕು ಚೆಂಡು ರಷರ್‌ನ ಸ್ಟಿಕ್ಕಿಗೋ ತೊಡೆಗೋ ತಾಗಿದವು. ಉಳಿದದ್ದು ಹೊರಗೆ. ಹುಡುಗ ಅವಸರ ಮಾಡಿದ, ಅವಸರದಲ್ಲಿ ಸ್ಟಿಕ್ ಬೇಗ ತೆರೆದುಕೊಂಡಿತು, ಚೆಂಡು ಪೋಸ್ಟ್ ಪಕ್ಕದಿಂದ ಹೋಯಿತು. ಅದೇ ರಷರ್ ಎದುರು ಅಣ್ಣ ನಾಲ್ಕು ಗೋಲು ಹೊಡೆದರು. ಅವರ ಫ್ಲಿಕ್‌ನಲ್ಲಿ ವೇಗ ಇಲ್ಲ. ಆದರೆ ರಷರ್ ಬರುವಷ್ಟರಲ್ಲಿ ಚೆಂಡು ಹೋಗಿಯೇ ಬಿಟ್ಟಿರುತ್ತಿತ್ತು.

ಒಂದು ಚೆಂಡು ಗದಗಿನವನ ಮಂಡಿ ಗಾರ್ಡ್‌ಗೆ ಬಡಿದ ಸದ್ದು ಆ ಕಡೆ ಗೋಲಿನ ತನಕ ಕೇಳಿಸಿತು. ಅವನು ಬಿದ್ದ, ಎದ್ದ, ಗಾರ್ಡ್ ತಿರುಗಿ ಹೋಗಿದ್ದನ್ನು ಸರಿ ಮಾಡಿಕೊಂಡ, ಗೋಲ್ ಲೈನ್‌ಗೆ ವಾಪಸ್ ನಡೆದ. ಕೋಚ್ "ಸಾಕು ಬಿಡೋ" ಅಂದರು. "ಯಾರರ ಓಡಬೇಕಲ್ರಿ ಸರ" ಅಂದ. ಮತ್ತೆ ಓಡಿದ.

ಆ ಬೆಳಗ್ಗೆ ಎರಡು ವಿಷಯ ಗೊತ್ತಾದವು. ಹುಡುಗನ ಫ್ಲಿಕ್ ಇನ್ನೂ ಲೀಗ್‌ಗೆ ತಯಾರಿಲ್ಲ ಅನ್ನುವುದು ಒಂದು. ಅದನ್ನು ನೋಡಲೆಂದೇ ಅಭ್ಯಾಸ ಇಟ್ಟಿದ್ದು. ಇನ್ನೊಂದನ್ನು ಯಾರೂ ಹುಡುಕುತ್ತಿರಲಿಲ್ಲ. ತಂಡದ ಅತ್ಯುತ್ತಮ ರಷರ್ ಮೂರು ವರ್ಷದಿಂದ ಇಲ್ಲೇ ಇದ್ದ, ಅವನನ್ನು ನಾವು ಗೋಲು ಎಣಿಸಿ ಅಳೆಯುತ್ತಿದ್ದೆವು.

ಸಭೆ

ಕೋಚ್ ಹೆಸರು ಬದಲಿಸುತ್ತೇನೆ ಅಂದಾಗ ಮ್ಯಾನೇಜರ್ ಒಪ್ಪಲಿಲ್ಲ. "ಗೋಲ್ ಹೊಡೆಯೋನ್ನ ಬಿಟ್ಟು ಓಡೋನ್ನ ಇಟ್ಕೊತೀರಾ ಸರ್?" ಅಂತ ನೇರವಾಗಿ ಕೇಳಿದರು. ಅವರ ಮಾತಿನಲ್ಲೂ ಅರ್ಥ ಇತ್ತು. ಒಂದು ಅಭ್ಯಾಸ ನೋಡಿ ತೀರ್ಮಾನ ಮಾಡುವುದು ಎಷ್ಟು ಸರಿ? ಮೇಲಾಗಿ ಹುಡುಗನನ್ನು ಪಟ್ಟಿಯಿಂದ ಬಿಟ್ಟರೆ ನಾಳೆ ಇನ್ನೊಂದು ಸಂಸ್ಥೆ ಕೆಲಸ ತೋರಿಸಿ ಕರೆದುಕೊಂಡು ಹೋಗುತ್ತದೆ. ಅಂಥದ್ದು ಅವರ ಕಣ್ಣೆದುರೇ ಆಗಿತ್ತು.

ಅವರು ಇನ್ನೊಂದು ದಾರಿಯನ್ನೂ ಹೇಳಿದರು. ಹುಡುಗನನ್ನು ಹದಿನೆಂಟನೆಯವನಾಗಿ ಬೆಂಚಿನಲ್ಲಿ ಇಟ್ಟುಕೊಳ್ಳೋಣ, ನೋಡಿ ಕಲಿಯಲಿ. ಕೇಳಿದರೆ ಸರಿ ಅನ್ನಿಸುತ್ತದೆ. ಬಹಳಷ್ಟು ತಂಡಗಳು ಮಾಡುವುದೂ ಇದನ್ನೇ.

ಇದಕ್ಕೆ ಉತ್ತರ ಹಿಂದಿನ ವರ್ಷದ ಆಟದ ಸಮಯದ ಹಾಳೆಯಲ್ಲಿ ಇತ್ತು. ಪಂದ್ಯ 60 ನಿಮಿಷ, ಹದಿನೈದು ನಿಮಿಷದ ನಾಲ್ಕು ಭಾಗ. ಫಾರ್ವರ್ಡ್‌ಗಳನ್ನು ಕೆಲವೇ ನಿಮಿಷಕ್ಕೊಮ್ಮೆ ಬದಲಿಸುತ್ತಾ ಇರುತ್ತಾರೆ, ಯಾಕೆಂದರೆ ಪ್ರೆಸ್ ಮಾಡಿ ಮಾಡಿ, ಅಂದರೆ ಚೆಂಡು ಕಸಿಯಲು ಎದುರಿನವರ ಮೇಲೆ ಓಡಿ ಓಡಿ, ಉಸಿರು ಹೋಗಿರುತ್ತದೆ. ಬ್ಯಾಕ್‌ಗಳನ್ನು ಮುಟ್ಟುವುದೇ ಕಡಿಮೆ. ನಮ್ಮ ತಂಡದ ಕೊನೆಯ ಫಾರ್ವರ್ಡ್‌ಗೆ ಪಂದ್ಯಕ್ಕೆ ಹದಿನೆಂಟು, ಇಪ್ಪತ್ತು ನಿಮಿಷ ಸಿಕ್ಕಿತ್ತು. ಕೊನೆಯ ಬ್ಯಾಕ್‌ಗೆ ನಾಲ್ಕು ನಿಮಿಷ. ಕೆಲವು ಪಂದ್ಯಗಳಲ್ಲಿ ಅದೂ ಇಲ್ಲ. ಹದಿನೆಂಟನೇ ಜಾಗ ಅಂತ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಫಾರ್ವರ್ಡ್ ಕೂತರೆ ಅದು ಬೇರೆ ಜಾಗ, ಬ್ಯಾಕ್ ಕೂತರೆ ಬೇರೆ. 19ರ ಬ್ಯಾಕ್ ಒಬ್ಬ ಇಡೀ ಸೀಸನ್ ನೀರಿನ ಬಾಟಲಿ ಹಿಡಿದು ಕೂತರೆ ಏನು ಕಲಿಯುತ್ತಾನೆ? ಕೋಚ್ ಕೇಳಿದ ಈ ಪ್ರಶ್ನೆಗೆ ಸಭೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಇದಕ್ಕೆ ಒಂದು ವ್ಯವಸ್ಥೆಯೇ ಇದೆ. ಅಲ್ಲಿನ ಎಲ್ಲಕ್ಕಿಂತ ಮೇಲಿನ ಲೀಗ್ ಎನ್‌ಎಚ್‌ಎಲ್. ಅದರ ತಂಡದಲ್ಲಿ ಹೆಚ್ಚೆಂದರೆ 23 ಜನ ಇರಬಹುದು. ಕೆಳಗೆ ಎಎಚ್‌ಎಲ್ ಎಂಬ ಲೀಗ್, ಅದಕ್ಕೂ ಕೆಳಗೆ ಜೂನಿಯರ್ ಲೀಗ್‌ಗಳು. 18, 19ರ ಹುಡುಗ ಒಂಬತ್ತು ಪಂದ್ಯದೊಳಗೆ ಆಡಿ ಜೂನಿಯರ್‌ಗೆ ವಾಪಸ್ ಹೋದರೆ ಅವನ ಮೊದಲ ಕರಾರಿನ ವರ್ಷ ಖರ್ಚಾಗುವುದಿಲ್ಲ. 2022ರಲ್ಲಿ ಸಿಯಾಟಲ್ ತಂಡ ಶೇನ್ ರೈಟ್ ಎಂಬ ಹುಡುಗನನ್ನು, ತಂಡಗಳು ಸರದಿ ಮೇಲೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ನಾಲ್ಕನೇ ಆಯ್ಕೆಯಾಗಿ ತೆಗೆದುಕೊಂಡಿತು. ಶಿಬಿರದ ನಂತರ ಅವನನ್ನು ಮೇಲಿನ ತಂಡದಲ್ಲೇ ಇಟ್ಟುಕೊಂಡರು. ಆದರೆ ಪಂದ್ಯದ ಮೇಲೆ ಪಂದ್ಯ ಹೊರಗೆ ಕೂರಿಸಿದರು. ಆಮೇಲೆ ಎಎಚ್‌ಎಲ್‌ಗೆ ಸ್ವಲ್ಪ ದಿನ ಕಳಿಸಿದರು, ಅಲ್ಲಿ ಐದು ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ವಿಶ್ವ ಜೂನಿಯರ್ ಟೂರ್ನಿಯಲ್ಲಿ ಕೆನಡಾ ನಾಯಕನಾಗಿ ಚಿನ್ನ ಗೆದ್ದ. ಕೊನೆಗೆ ಜೂನಿಯರ್ ಲೀಗ್‌ಗೇ ಹೋದ. ಆ ಸೀಸನ್ನಿನಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಎಂಟೇ ಪಂದ್ಯ. ಮುಂದಿನ ವರ್ಷ ಹೆಚ್ಚು ಕಾಲ ಎಎಚ್‌ಎಲ್‌ನಲ್ಲಿ ಆಡಿದ. 2024–25ರಲ್ಲಿ ಸಿಯಾಟಲ್ ಪರ 79 ಪಂದ್ಯ ಆಡಿದ. ಆಟದ ಸಮಯ ಸಿಕ್ಕಿದ್ದು ಕೆಳಗೆ, ಫಲ ಸಿಕ್ಕಿದ್ದು ಮೇಲೆ.

ನಮ್ಮಲ್ಲಿ ಅಂಥ ಏಣಿ ಇಲ್ಲ. ಸಂಸ್ಥೆ ತಂಡಕ್ಕೆ ಕೆಳಗಿನ ತಂಡ ಅಂತ ಇರುವುದಿಲ್ಲ. ಹುಡುಗನನ್ನು ಬಿಟ್ಟರೆ ಬಿಟ್ಟ ಹಾಗೆ. ಕೋಚ್ ಆ ಏಣಿಯ ಒಂದು ಮೆಟ್ಟಿಲನ್ನು ತಾವೇ ಕಟ್ಟಲು ಹೊರಟರು.

ಕರಾರು

ಕೆಳಗಿನ ಡಿವಿಜನ್‌ನ ಒಂದು ಕ್ಲಬ್ ಜೊತೆ ಮಾತಾಡಿದರು. ಆ ಕ್ಲಬ್‌ಗೆ ಬ್ಯಾಕ್ ಬೇಕಿತ್ತು. ಸೀಸನ್ನಿನ ಮೊದಲಾರ್ಧಕ್ಕೆ ಹುಡುಗನಿಗೆ ಬಿಡುಗಡೆ ಪತ್ರ ಕೊಡುವುದು ಎಂದಾಯಿತು. ಷರತ್ತುಗಳನ್ನು ಒಂದೇ ಹಾಳೆಯಲ್ಲಿ ಬರೆದರು. ಸಂಸ್ಥೆಯ ಸ್ಟೈಪೆಂಡ್ ನಿಲ್ಲುವುದಿಲ್ಲ. ವಾರಕ್ಕೆ ಎರಡು ಬೆಳಗ್ಗೆ ಅವನು ಇಲ್ಲಿ ಅಭ್ಯಾಸಕ್ಕೆ ಬರಬೇಕು. ಕ್ಲಬ್ ಅವನನ್ನು ಬ್ಯಾಕ್ ಆಗಿಯೇ ಆಡಿಸಬೇಕು, ಗೋಲು ಬೇಕು ಅಂತ ಮುಂದೆ ತಳ್ಳಬಾರದು. ಶಾರ್ಟ್ ಕಾರ್ನರ್ ಎಲ್ಲಾ ಅವನೇ ಹೊಡೆಯಬೇಕು. ನಮ್ಮ ಇಬ್ಬರು ಬ್ಯಾಕ್ ಒಟ್ಟಿಗೆ ಗಾಯಗೊಂಡರೆ ಮಾತ್ರ ಮಧ್ಯದಲ್ಲಿ ವಾಪಸ್ ಕರೆಯುವುದು. ಇಲ್ಲದಿದ್ದರೆ ಮೊದಲಾರ್ಧ ಮುಗಿಯುವ ತನಕ ಮುಟ್ಟುವುದಿಲ್ಲ.

ಸ್ಟೈಪೆಂಡ್ ಷರತ್ತಿಗೆ ಲೆಕ್ಕಪತ್ರ ವಿಭಾಗ ತಕರಾರು ಮಾಡಿತು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ದುಡ್ಡು ಹೇಗೆ ಕೊಡುವುದು? ಮ್ಯಾನೇಜರ್ ಇಲ್ಲಿ ಒಳ್ಳೆಯ ಕೆಲಸ ಮಾಡಿದರು. ತಮಗೆ ಒಪ್ಪಿಗೆ ಇಲ್ಲದ ತೀರ್ಮಾನಕ್ಕೆ ತಾವೇ ಫೈಲ್ ಹಿಡಿದು ಓಡಾಡಿ ಸಹಿ ತಂದರು. ಈ ಪ್ರಕರಣದಲ್ಲಿ ಯಾರಿಗೂ ಕಾಣದೇ ಹೋದ ಕೆಲಸ ಅದು. ದುಡ್ಡು ನಿಂತಿದ್ದರೆ ಉಳಿದ ಷರತ್ತುಗಳಿಗೆ ಬೆಲೆಯೇ ಇರುತ್ತಿರಲಿಲ್ಲ.

ಇಷ್ಟೆಲ್ಲಾ ಬರೆದವರು ಒಂದು ಮಾತು ಬರೆಯಲಿಲ್ಲ. ಹುಡುಗನಿಗೆ ಯಾರು ಹೇಳುವುದು? ಕೋಚ್ ಹೇಳುತ್ತಾರೆ ಅಂತ ಮ್ಯಾನೇಜರ್ ಅಂದುಕೊಂಡರು. ಪಟ್ಟಿ ಸಂಜೆ ಹೊರಗೆ ಬರುತ್ತದೆ, ಅದಕ್ಕೆ ಮುಂಚೆ ಮಾತಾಡೋಣ ಅಂತ ಕೋಚ್ ಅಂದುಕೊಂಡರು. ಆಫೀಸಿನವರು ಮಧ್ಯಾಹ್ನವೇ ಪಟ್ಟಿ ಅಂಟಿಸಿದರು. ಯಾರೋ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹುಡುಗ ಅದನ್ನು ಮೆಸ್ಸಿನಲ್ಲಿ ಊಟ ಮಾಡುತ್ತಾ ನೋಡಿದ. ರಾತ್ರಿ ಬಸ್ಸಿಗೆ ಊರಿಗೆ ಹೋದ. ಫೋನ್ ಸ್ವಿಚ್ ಆಫ್.

ಮೂರು ದಿನ ಯಾರಿಗೂ ಸಿಗಲಿಲ್ಲ. ಕೊನೆಗೆ ಅವನ ಮಾವನ ನಂಬರ್ ಹುಡುಕಿ ಕೋಚ್ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಇಟ್ಟಿದ್ದರು, ನಾನು ಪಕ್ಕದಲ್ಲಿದ್ದೆ.

"ನಿನ್ನ ತೆಗೆದಿಲ್ಲ ಕಣೋ, ಆಡೋಕೆ ಕಳಿಸ್ತಿದೀನಿ."

"ಎರಡೂ ಒಂದೇ ಅಲ್ವಾ ಸರ್?"

ಕೋಚ್ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಫ್ರೇಮ್ ಲೆಕ್ಕ ಹೇಳಿದರು. ಎಂಟು ಫ್ರೇಮ್ ಕಡಿಮೆ ಮಾಡಿಕೊಂಡು ಬಾ, ನಿನ್ನ ಜಾಗ ನಿನಗೆ ಅಂದರು. ಹುಡುಗ "ಮೊದಲೇ ಹೇಳಬಹುದಿತ್ತು ಸರ್" ಅಂದ. ಅಷ್ಟೇ ಅಂದ. ಭಾನುವಾರ ಬೆಂಗಳೂರಿಗೆ ಬಂದ. ಎಂಟು ಫ್ರೇಮ್ ಅನ್ನುವ ಗುರಿಯನ್ನು ಆ ಬೆಳಗಿನ ಅಭ್ಯಾಸ ಮುಗಿದ ಕೂಡಲೇ ಅವನ ಕೈಗೆ ಕೊಟ್ಟಿದ್ದರೆ ಆ ಮೂರು ದಿನ ಉಳಿಯುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸೀಸನ್ ಹೇಗೆ ಹೋಯಿತು

ಮೂರನೇ ಪಂದ್ಯದಲ್ಲೇ ಅಣ್ಣನ ಹ್ಯಾಮ್‌ಸ್ಟ್ರಿಂಗ್ ಹಿಡಿಯಿತು. ಮುಂದಿನ ಪಂದ್ಯದಲ್ಲಿ ತಂಡಕ್ಕೆ ಏಳು ಶಾರ್ಟ್ ಕಾರ್ನರ್ ಸಿಕ್ಕವು, ಒಂದೂ ಗೋಲಾಗಲಿಲ್ಲ. ಪಂದ್ಯ 1–1. ಅದರ ಮುಂದಿನದ್ದನ್ನು ಸೋತರು. ಗ್ಯಾಲರಿ ಸುಮ್ಮನಿರಲಿಲ್ಲ. ಮ್ಯಾನೇಜರ್ ಅಂತೂ ದಿನಾ ಕೇಳುತ್ತಿದ್ದರು, "ಈಗಾದರೂ ಕರೆಸ್ತೀರಾ?"

ಕೋಚ್ ಹಾಳೆ ತೋರಿಸಿದರು. ಗಾಯ ಆಗಿರುವುದು ಒಬ್ಬ ಬ್ಯಾಕ್‌ಗೆ, ಇಬ್ಬರಿಗಲ್ಲ. ಕರೆಯಲಿಲ್ಲ. ಇದು ಹಟ ಅಂತ ಆಗ ಕೆಲವರು ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಕರಾರು ಬರೆದದ್ದೇ ಇಂಥ ವಾರಕ್ಕೆ. ಸೋತ ಮರುದಿನ ತಲೆ ಬಿಸಿಯಾಗಿರುವಾಗ ತೀರ್ಮಾನ ಮಾಡಬಾರದು ಅಂತಲೇ ಮುಂಚೆ ಬರೆದಿಟ್ಟದ್ದು. ಆದರೆ ಒಂದು ಕಡೆ ಕೋಚ್ ಎಡವಿದರು. ಅಣ್ಣ ಇಲ್ಲದಿದ್ದರೆ ಶಾರ್ಟ್ ಕಾರ್ನರ್ ಹೇಗೆ ಆಡುವುದು ಅಂತ ಬೇರೆ ಏನನ್ನೂ ಅಭ್ಯಾಸ ಮಾಡಿಸಿರಲಿಲ್ಲ. ಪಕ್ಕಕ್ಕೆ ಪಾಸ್ ಕೊಟ್ಟು ಹೊಡೆಯುವುದು, ಪೋಸ್ಟ್ ಹತ್ತಿರ ಸ್ಟಿಕ್ ಇಟ್ಟು ದಿಕ್ಕು ಬದಲಿಸುವುದು, ಇವು ಫ್ಲಿಕ್ ಇಲ್ಲದವರ ಆಯುಧಗಳು. ಏಳು ಸಲವೂ ಒಬ್ಬ ಹಾಫ್ ನೇರವಾಗಿ ಹೊಡೆದ. ನೇರ ಹಿಟ್ ಗೋಲ್ ಲೈನ್ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರ ಹೋಗುವಂತಿಲ್ಲ. ಎದುರು ಗೋಲ್‌ಕೀಪರ್ ಪ್ರತಿ ಸಲ ಮಲಗಿಯೇ ತಡೆದ. ಹುಡುಗನನ್ನು ಕಳಿಸಿದ್ದಕ್ಕೆ ತಂಡ ತೆತ್ತ ಬೆಲೆ ಅಂತ ಇದನ್ನು ಲೆಕ್ಕ ಹಾಕುವವರಿದ್ದಾರೆ. ಅದರಲ್ಲಿ ಅರ್ಧ ತಯಾರಿಯ ಕೊರತೆಯ ಬೆಲೆ.

ಈ ಮಧ್ಯೆ ಯಾರೂ ಯೋಜಿಸದ ಒಂದು ಕೆಲಸ ಆಯಿತು. ಗಾಯದಿಂದ ಕೂತಿದ್ದ ಅಣ್ಣ ಹುಡುಗನ ಪಂದ್ಯ ನೋಡಲು ತಾವಾಗಿಯೇ ಹೋಗತೊಡಗಿದರು. ಗೋಲಿನ ಹಿಂದೆ ನಿಂತು ನೋಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಅವನನ್ನು ಉಳಿಸಿಕೊಂಡು ಹೆಜ್ಜೆ ಬದಲಿಸಿ ತೋರಿಸುತ್ತಿದ್ದರು. ಓಡಿ ಬರುವ ಹೆಜ್ಜೆಯನ್ನು ಚಿಕ್ಕದು ಮಾಡಿಸಿದರು. ಚೆಂಡನ್ನು ಅಷ್ಟು ಹಿಂದಿನಿಂದ ಎಳೆಯುವುದನ್ನು ಬಿಡಿಸಿದರು. ಮೊದಮೊದಲು ಹುಡುಗನ ವೇಗ ಹೋಯಿತು, ಗೋಲೂ ಹೋದವು. ಕ್ಲಬ್‌ನವರು "ಇವನನ್ನಾ ಅಷ್ಟು ಹೊಗಳಿದ್ದು?" ಅಂದರಂತೆ. ಬ್ಯಾಕ್ ಆಗಿಯೂ ಪೆಟ್ಟು ತಿಂದ. ಒಂದು ಪಂದ್ಯದಲ್ಲಿ ತಡವಾಗಿ ಟ್ಯಾಕಲ್ ಮಾಡಿ ಹಳದಿ ಕಾರ್ಡ್ ತೆಗೆದುಕೊಂಡು ಐದು ನಿಮಿಷ ಹೊರಗೆ ಕೂತ. ಅಷ್ಟರಲ್ಲಿ ಎದುರಿನವರು ಗೋಲು ಹೊಡೆದರು. ಮೇಲಿನ ತಂಡದಲ್ಲಿ ಇಂಥ ತಪ್ಪು ಮಾಡಿದ್ದರೆ ಮುಂದಿನ ಪಂದ್ಯದಲ್ಲಿ ಬೆಂಚು. ಇಲ್ಲಿ ಮುಂದಿನ ಪಂದ್ಯದಲ್ಲೂ 60 ನಿಮಿಷ ಆಡಿದ.

ಮೊದಲಾರ್ಧ ಮುಗಿಯುವಾಗ ಮತ್ತೆ ಫ್ರೇಮ್ ಎಣಿಸಿದೆ. ಎಂಟರಲ್ಲಿ ಐದು ಇಳಿದಿತ್ತು. ಕೋಚ್ ಅವನನ್ನು ಹೊರ ರಾಜ್ಯದ ಒಂದು ಅಖಿಲ ಭಾರತ ಟೂರ್ನಿಗೆ ಕರೆದುಕೊಂಡು ಹೋದರು. ಮೊದಲ ಪಂದ್ಯದಲ್ಲೇ ಅವನು ನಮ್ಮ ಗೋಲಿನ ಕಡೆಯ 25 ಗಜದೊಳಗೆ ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದುಕೊಂಡ, ಗೋಲಾಯಿತು. ಕೋಚ್ ಅವನನ್ನು ಹೊರಗೆ ಕರೆಯಲಿಲ್ಲ. ಮೂರನೇ ಪಂದ್ಯದಲ್ಲಿ ಒಳ್ಳೆಯ ರಷರ್ ಇದ್ದ ತಂಡದ ಎದುರು ಎರಡು ಗೋಲು ಹೊಡೆದ. ಎರಡೂ ಕೆಳಗೆ, ಗೋಲ್‌ಕೀಪರ್‌ನ ಸ್ಟಿಕ್ ಪಕ್ಕದಿಂದ. ಮೇಲಿನ ಮೂಲೆಗೆ ಹೋದ ಹೊಡೆತ ಒಂದೂ ಇಲ್ಲ. ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಸೋತಿತು. ಲೀಗ್‌ನಲ್ಲೂ ಹಿಂದಿನ ವರ್ಷಕ್ಕಿಂತ ಒಂದು ಸ್ಥಾನ ಕೆಳಗೇ ಮುಗಿಸಿತು. ಮುಂದಿನ ಶಿಬಿರಕ್ಕೆ ಬರುವಾಗ ಹುಡುಗನ ಹೆಸರು ಪೆನ್ಸಿಲ್‌ನ ಹದಿನೇಳರಲ್ಲಿ ಇತ್ತು.

ಗದಗಿನವನು

ಗದಗಿನವನು ಎಲ್ಲಾ ಪಂದ್ಯ ಆಡಿದ. ಗೋಲು ಮತ್ತೆ ಕಡಿಮೆಯೇ. ಹಿಂದಿನ ಸೀಸನ್ನಿನಲ್ಲಿ ಶಾರ್ಟ್ ಕಾರ್ನರ್‌ನಿಂದ ಹನ್ನೊಂದು ಗೋಲು ಬಿಟ್ಟುಕೊಟ್ಟಿದ್ದ ತಂಡ ಈ ಸಲ ಐದು ಬಿಟ್ಟುಕೊಟ್ಟಿತು. ಇದನ್ನು ನಾವು ಸೀಸನ್ ಮುಗಿದ ಮೇಲೆ ಲೆಕ್ಕ ಹಾಕಿದೆವು. ಬೇರೆಯವರು ಮುಂಚೆಯೇ ಹಾಕಿದ್ದರು. ಇನ್ನೊಂದು ಸಂಸ್ಥೆ ಅವನಿಗೆ ಕಾಯಂ ಕೆಲಸದ ಪತ್ರ ಕೊಟ್ಟಿತು. ಅವನ ಸ್ಟೈಪೆಂಡ್ ಮುಂದುವರಿಸುವ ಫೈಲ್ ಆಗ ನಮ್ಮಲ್ಲಿ ಯಾರದೋ ಟೇಬಲ್ ಮೇಲೆ ಸಹಿಗೆ ಕಾಯುತ್ತಿತ್ತು. ಮ್ಯಾನೇಜರ್ ಮುಂದೆ ಬಂದು ನಿಂತು "ಮನಿ ನೋಡಬೇಕಲ್ರಿ ಸರ" ಅಂದ. ಮ್ಯಾನೇಜರ್ ಬಳಿ ಹೇಳಲು ಏನೂ ಇರಲಿಲ್ಲ. ಕೈ ಕುಲುಕಿ ಕಳಿಸಿದರು.

ಯಾರೋ ಕದ್ದುಕೊಂಡು ಹೋಗುತ್ತಾರೆ ಅಂತ ಇಡೀ ವರ್ಷ ಹೆದರಿದ್ದು ಹಾಸ್ಟೆಲ್ ಹುಡುಗನ ಬಗ್ಗೆ. ಕಾಗದ ಮಾಡಿದ್ದೂ ಅವನಿಗೇ. 'ಭವಿಷ್ಯದ ಆಟಗಾರ' ಅಂತ ಒಬ್ಬನಿಗೆ ಹಣೆಪಟ್ಟಿ ಅಂಟಿಸಿದ ಮೇಲೆ ಸಂಸ್ಥೆಯ ಗಮನ, ಫೈಲು, ಸಹಿ ಎಲ್ಲಾ ಅವನ ಕಡೆಗೇ ಹರಿಯುತ್ತವೆ. 24 ವರ್ಷದ, ಮೂರು ವರ್ಷದಿಂದ ಇಲ್ಲೇ ಇರುವವನು ಎಲ್ಲೂ ಹೋಗುವುದಿಲ್ಲ ಅಂದುಕೊಂಡುಬಿಡುತ್ತೇವೆ. ಹೋಗಲು ಜಾಸ್ತಿ ಕಾರಣ ಇರುವುದೇ ಅವನಿಗೆ.

ಮುಂದಿನ ವರ್ಷದ ಶಿಬಿರದಲ್ಲಿ ಕೆಲವು ಬದಲಾವಣೆ ಆದವು. ಅಭ್ಯಾಸ ಪಂದ್ಯಕ್ಕೆ ಮುಂಚೆ ಎದುರು ತಂಡದ ಕೋಚ್‌ಗೆ ಫೋನ್ ಮಾಡಿ, ಎರಡೂ ಕಡೆ ರಷರ್ ಮಾಸ್ಕ್ ಹಾಕಿ ಪೂರ್ತಿ ಓಡಬೇಕು ಅಂತ ಮಾತಾಡಿಕೊಳ್ಳುತ್ತಾರೆ. ಒಪ್ಪದಿದ್ದರೆ ಆ ಪಂದ್ಯದ ಶಾರ್ಟ್ ಕಾರ್ನರ್ ಗೋಲನ್ನು ಆಯ್ಕೆಗೆ ಎಣಿಸುವುದಿಲ್ಲ. ಆಯ್ಕೆ ಹಾಳೆಯಲ್ಲಿ ಗೋಲಿನ ಪಕ್ಕದಲ್ಲೇ ರಷರ್ ಕೆಲಸಕ್ಕೆ ಒಂದು ಕಾಲಂ ಬಂದಿದೆ. ಪಟ್ಟಿ ಅಂಟಿಸುವ ಮುಂಚೆ, ಹೆಸರಿಲ್ಲದವರನ್ನು ಕೋಚ್ ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿಕೊಂಡು ಮಾತಾಡುತ್ತಾರೆ. ಸ್ಟೈಪೆಂಡ್ ಫೈಲುಗಳಿಗೆ ಸೀಸನ್ ಮುಗಿಯುವ ಮೊದಲೇ ಸಹಿ ಆಗಬೇಕು ಅಂತ ಮ್ಯಾನೇಜರ್ ಹಟ ಹಿಡಿದಿದ್ದಾರೆ, ಅರ್ಧದಷ್ಟು ಆಗುತ್ತವೆ.

ಆ ರಷರ್ ಕಾಲಂ ಮಾತ್ರ ಆ ವರ್ಷ ಖಾಲಿಯೇ ಉಳಿಯಿತು. ಮೂವರನ್ನು ಓಡಿಸಿ ನೋಡಿದರು. ಒಬ್ಬನಿಗೆ ವೇಗ ಇಲ್ಲ. ಒಬ್ಬ ಚೆಂಡು ಬರುವಾಗ ಪಕ್ಕಕ್ಕೆ ಸರಿಯುತ್ತಾನೆ. ಮೂರನೆಯವನು ಸರಿ ಇದ್ದ, ಅವನಿಗೆ ಮಂಡಿ ನೋವು. ಲೀಗ್‌ನ ಮೊದಲ ಪಂದ್ಯಕ್ಕೆ ಪಕ್ಕಕ್ಕೆ ಸರಿಯುವವನನ್ನೇ ಇಳಿಸಿದರು.